ಎಲೆಕ್ಟ್ರಿಕ್ ಬೈಕಿನ ಮೋಟಾರ್ ನಿಂತರೆ: ಕಂಟ್ರೋಲರ್ ಬದಲಿಸುವ ಮುನ್ನ ಕ್ರಮವಾಗಿ ಮಾಡಬೇಕಾದ ಪರೀಕ್ಷೆಗಳು

ಎಲೆಕ್ಟ್ರಿಕ್ ಬೈಕಿನ ಚಕ್ರ ತಿರುಗುವುದು ನಿಂತ ಕೂಡಲೇ ಹೆಚ್ಚಿನವರು ಹೊಸ ಕಂಟ್ರೋಲರ್ (ಬ್ಯಾಟರಿಯ ಕರೆಂಟನ್ನು ನಿಯಂತ್ರಿಸಿ ಮೋಟಾರಿಗೆ ಕೊಡುವ ಪೆಟ್ಟಿಗೆ) ತರಿಸುತ್ತಾರೆ. ಅದನ್ನು ಹಾಕಿದ ಮೇಲೂ ಬೈಕು ಮೊದಲಿನಂತೆಯೇ ಸುಮ್ಮನೆ ನಿಂತಿರುತ್ತದೆ, ಇಲ್ಲವೇ ಹೊಸದೂ ಮೊದಲ ದಿನವೇ ಸುಟ್ಟುಹೋಗುತ್ತದೆ. ದೋಷವು ಬ್ಯಾಟರಿಯಲ್ಲೋ ಬ್ರೇಕ್ ಸ್ವಿಚ್ಚಿನಲ್ಲೋ ಇದ್ದರೆ ಮೊದಲನೆಯದು ಆಗುತ್ತದೆ. ಮೋಟಾರಿನೊಳಗೆ ಅಥವಾ ಅದರ ವೈರಿನಲ್ಲಿ ಶಾರ್ಟ್ ಇದ್ದರೆ ಎರಡನೆಯದು ಆಗುತ್ತದೆ. ಆದ್ದರಿಂದ ಕಂಟ್ರೋಲರನ್ನು ಕೊನೆಯಲ್ಲಿ ಪರೀಕ್ಷಿಸುವಂತೆ ಇಲ್ಲಿನ ಹಂತಗಳನ್ನು ಜೋಡಿಸಲಾಗಿದೆ. ಈ ಕ್ರಮವನ್ನು ತಪ್ಪಿಸಿ ನಡುವಿನ ಯಾವುದೋ ಹಂತಕ್ಕೆ ಹಾರಿದರೆ ಸಿಗುವ ಅಳತೆಗಳಿಗೆ ಅರ್ಥವಿರುವುದಿಲ್ಲ.

ಚಕ್ರದ ನಡುಭಾಗವಾದ ಹಬ್ಬಿನೊಳಗೆ ಬ್ರಷ್ ಇಲ್ಲದ ಮೋಟಾರ್ ಮತ್ತು ಪ್ರತ್ಯೇಕ ಕಂಟ್ರೋಲರ್ ಪೆಟ್ಟಿಗೆ ಇರುವ, 36ರಿಂದ 60 ವೋಲ್ಟಿನ ಎಲೆಕ್ಟ್ರಿಕ್ ಸೈಕಲ್, ಕಿಟ್ ಹಾಕಿಸಿದ ಸೈಕಲ್ ಮತ್ತು ಕಡಿಮೆ ವೇಗದ ಸ್ಕೂಟರ್‌ಗಳಿಗೆ ಈ ಮಾರ್ಗದರ್ಶಿ ಅನ್ವಯಿಸುತ್ತದೆ. ನೋಂದಣಿ ಫಲಕವಿರುವ ಹೆಚ್ಚಿನ ವೇಗದ ಸ್ಕೂಟರ್‌ಗಳಲ್ಲಿ ಬ್ಯಾಟರಿ, ಕಂಟ್ರೋಲರ್ ಮತ್ತು ಡಿಸ್‌ಪ್ಲೇಗಳು ಡೇಟಾ ವೈರಿನ ಮೂಲಕ ಪರಸ್ಪರ ಮಾತನಾಡುವುದರಿಂದ, ಅವುಗಳ ದೋಷವನ್ನು ಮಲ್ಟಿಮೀಟರ್ ಒಂದರಿಂದಲೇ ಹಿಡಿಯಲಾಗದು. ವಾರಂಟಿ ಇರುವ ಯಾವ ವಾಹನವನ್ನೂ ಮನೆಯಲ್ಲಿ ಬಿಚ್ಚಬಾರದು.

ಬೇಕಾಗುವ ಉಪಕರಣಗಳು

ಡಯೋಡ್ ಗುರುತಿನ ಸ್ಥಾನವಿರುವ ಡಿಜಿಟಲ್ ಮಲ್ಟಿಮೀಟರ್ ಇಲ್ಲದೆ ಈ ಕೆಲಸ ಆಗುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಸಾಧಾರಣ ಮೀಟರ್ ಸಾಕು. ಆದರೆ ಅದರ ಪ್ರೋಬ್ ತುದಿಗಳು ಕನೆಕ್ಟರಿನ ಹಿಂಬದಿಯಿಂದ ಒಳಗೆ ಇಳಿಯುವಷ್ಟು ತೆಳ್ಳಗಿರಬೇಕು, ಇಲ್ಲವಾದರೆ ತುದಿಗೆ ಹೊಲಿಗೆ ಸೂಜಿಯನ್ನು ಬಿಗಿದುಕೊಳ್ಳಬೇಕು. ಚಕ್ರದ ನಟ್‌ಗೆ ಹೊಂದುವ ಸ್ಪ್ಯಾನರ್, ಆಲನ್ ಕೀ, ಸ್ಕ್ರೂಡ್ರೈವರ್, ಇನ್ಸುಲೇಷನ್ ಟೇಪ್, ಒಳಗೆ ತಂತಿ ಉರಿಯುವ ಹಳೆಯ ಮಾದರಿಯ 60 ವಾಟಿನ ಬಲ್ಬ್ ಮತ್ತು ಹೋಲ್ಡರ್, ಹಾಗೂ ಮೋಟಾರ್ ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸುವ ಗಟ್ಟಿಯಾದ ಸ್ಟ್ಯಾಂಡ್ ಬೇಕು. ಡಿಸಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದರೆ ಕೊನೆಯ ಹಂತ ಸುಲಭವಾಗುತ್ತದೆ.

ಹಂತ 1: ಸುರಕ್ಷತೆ ಮತ್ತು ಲಕ್ಷಣಗಳ ದಾಖಲೆ

ಯಾವುದೇ ವೈರನ್ನು ಕಳಚುವ ಮುನ್ನ ಎಲ್ಲ ಕನೆಕ್ಟರ್‌ಗಳ ಫೋಟೋವನ್ನು ಹತ್ತಿರದಿಂದ ತೆಗೆದುಕೊಳ್ಳಬೇಕು. ವೈರುಗಳ ಬಣ್ಣವನ್ನು ಎಲ್ಲ ತಯಾರಕರೂ ಒಂದೇ ರೀತಿ ಪಾಲಿಸುವುದಿಲ್ಲವಾದ್ದರಿಂದ ಬಣ್ಣವನ್ನಷ್ಟೇ ನಂಬಿ ಮರುಜೋಡಣೆ ಮಾಡಲಾಗದು.

ಬ್ಯಾಟರಿಯನ್ನು ಕಳಚಿದ ನಂತರವೂ ಕಂಟ್ರೋಲರಿನೊಳಗಿನ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. ಕಂಟ್ರೋಲರಿನ ದಪ್ಪ ಕೆಂಪು ಮತ್ತು ಕಪ್ಪು ವೈರುಗಳ ನಡುವೆ ಆ 60 ವಾಟಿನ ಬಲ್ಬನ್ನು ಕೆಲವು ಸೆಕೆಂಡು ಹಿಡಿದು, ವೋಲ್ಟೇಜ್ ಸೊನ್ನೆಗೆ ಹತ್ತಿರ ಬಂದಿದೆಯೇ ಎಂದು ಮೀಟರಿನಲ್ಲಿ ನೋಡಿಕೊಳ್ಳಬೇಕು. ಸ್ಕ್ರೂಡ್ರೈವರಿನಿಂದ ಎರಡನ್ನೂ ತಾಗಿಸಿ ಕಿಡಿ ಹಾರಿಸುವ ವಾಡಿಕೆ ಕೆಲವು ಅಂಗಡಿಗಳಲ್ಲಿದೆ. ಅದರಿಂದ ಕೆಪಾಸಿಟರಿಗೂ ಕಣ್ಣಿಗೂ ಅಪಾಯ.

ಉಬ್ಬಿದ, ಬಿಸಿಯಾದ ಅಥವಾ ಸಿಹಿಯಾದ ರಾಸಾಯನಿಕ ವಾಸನೆ ಬರುತ್ತಿರುವ ಲಿಥಿಯಂ ಬ್ಯಾಟರಿ ಕಂಡರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಅದನ್ನು ಮನೆಯ ಹೊರಗೆ ಇರಿಸಿ, ಬ್ಯಾಟರಿ ಬಲ್ಲವರನ್ನು ಕರೆಯಬೇಕು.

ಇನ್ನು ಲಕ್ಷಣಗಳು. ಡಿಸ್‌ಪ್ಲೇ ಸಹ ಹತ್ತದಿದ್ದರೆ ಹಂತ 2 ಮತ್ತು 3ರಲ್ಲೇ ಉತ್ತರ ಸಿಗುವ ಸಂಭವ ಹೆಚ್ಚು. ಡಿಸ್‌ಪ್ಲೇ ಹತ್ತಿಯೂ ಚಕ್ರ ಅಲುಗದಿದ್ದರೆ ಹಂತ 4 ಮತ್ತು 5 ಮುಖ್ಯ. ಚಕ್ರ ನಡುಗುತ್ತ, ಗರಗರ ಸದ್ದು ಮಾಡುತ್ತ, ಕೈಯಿಂದ ತಳ್ಳಿದರೆ ಮಾತ್ರ ಹೊರಡುತ್ತಿದ್ದರೆ ದೋಷವು ಸಾಮಾನ್ಯವಾಗಿ ಹಾಲ್ ಸೆನ್ಸರ್ (ಮೋಟಾರ್ ಯಾವ ಸ್ಥಾನದಲ್ಲಿದೆ ಎಂದು ಕಂಟ್ರೋಲರಿಗೆ ತಿಳಿಸುವ ಸೆನ್ಸರ್) ಅಥವಾ ಮೋಟಾರಿಗೆ ಕರೆಂಟ್ ಒಯ್ಯುವ ದಪ್ಪ ಫೇಸ್ ವೈರಿನಲ್ಲಿರುತ್ತದೆ. ಬ್ಯಾಟರಿ ಕಳಚಿದ್ದರೂ ಚಕ್ರ ಬ್ರೇಕ್ ಹಿಡಿದಂತೆ ತಡೆತಡೆದು ತಿರುಗುತ್ತಿದ್ದರೆ ಶಾರ್ಟ್ ಇರುವ ಸಂಭವ ಹೆಚ್ಚು. ಅದು ಎಲ್ಲಿದೆ ಎಂಬುದನ್ನು ಹಂತ 6 ಹೇಳುತ್ತದೆ. ಮೋಟಾರ್ ಒಳಗೆ ಗುಂಯ್ಗುಡುತ್ತ ತಿರುಗುತ್ತಿದ್ದು ಚಕ್ರ ಮಾತ್ರ ನಿಂತಿದ್ದರೆ ಅದು ವಿದ್ಯುತ್ ದೋಷವಲ್ಲ, ಗೇರ್ ಇರುವ ಹಬ್ಬಿನೊಳಗಿನ ನೈಲಾನ್ ಗೇರು ಅಥವಾ ಕ್ಲಚ್ ಸವೆದಿರುತ್ತದೆ.

ಹಂತ 2: ಬ್ಯಾಟರಿಯ ವೋಲ್ಟೇಜನ್ನು ಭಾರದಡಿಯಲ್ಲಿ ಅಳೆಯುವುದು

ಪೂರ್ತಿ ಚಾರ್ಜ್ ಆದ 36 ವೋಲ್ಟಿನ ಲಿಥಿಯಂ ಅಯಾನ್ ಬ್ಯಾಟರಿ 42 ವೋಲ್ಟನ್ನೂ, 13 ಸೆಲ್ ಸಾಲಿನ 48 ವೋಲ್ಟಿನದು 54.6 ವೋಲ್ಟನ್ನೂ ತೋರಿಸಬೇಕು. 16 ಸೆಲ್ ಸಾಲಿನ ಲಿಥಿಯಂ ಫೆರೋ ಫಾಸ್ಫೇಟ್ ಬ್ಯಾಟರಿಯ ಚಾರ್ಜಿಂಗ್ ಮಿತಿ 58.4 ವೋಲ್ಟ್. ನಾಲ್ಕು ಲೆಡ್ ಆಸಿಡ್ ಬ್ಯಾಟರಿಗಳಿರುವ ಹಳೆಯ ಸ್ಕೂಟರಿನಲ್ಲಿ ಚಾರ್ಜ್ ಮಾಡಿ ಕೆಲವು ಗಂಟೆ ಬಿಟ್ಟ ಮೇಲೆ ಸುಮಾರು 51 ವೋಲ್ಟ್ ಸಿಗಬೇಕು.

ನಿಂತ ಬೈಕಿನಲ್ಲಿ ಸರಿಯಾದ ವೋಲ್ಟೇಜ್ ಕಂಡ ಮಾತ್ರಕ್ಕೆ ಬ್ಯಾಟರಿ ಸರಿಯಿದೆ ಎಂದು ತೀರ್ಮಾನಿಸುವುದು ಅತಿ ಸಾಮಾನ್ಯವಾದ ತಪ್ಪು. ಮೀಟರನ್ನು ಬ್ಯಾಟರಿಯ ತುದಿಗಳಿಗೆ ಜೋಡಿಸಿಟ್ಟು, ನೆಲದಿಂದ ಎತ್ತಿ ನಿಲ್ಲಿಸಿದ ಚಕ್ರ ಒಂದಿಷ್ಟಾದರೂ ತಿರುಗುವ ಸ್ಥಿತಿಯಲ್ಲಿದ್ದರೆ ಮೋಟಾರ್ ಇರುವ ಚಕ್ರದ ಬ್ರೇಕನ್ನು ಮೆಲ್ಲಗೆ ಒತ್ತಿ ಭಾರ ಕೊಟ್ಟು ಎಕ್ಸಲೇಟರ್ ತಿರುಗಿಸಿ ನೋಡಬೇಕು (ಬ್ರೇಕ್ ಒತ್ತಿದಾಗ ಮೋಟಾರ್ ನಿಲ್ಲುವ ವ್ಯವಸ್ಥೆಯಿದ್ದರೆ ಆ ಸ್ವಿಚ್ಚಿನ ಕನೆಕ್ಟರನ್ನು ಪರೀಕ್ಷೆಯ ಮಟ್ಟಿಗೆ ಕಳಚಬೇಕು). 52 ವೋಲ್ಟ್ ತೋರಿಸುತ್ತಿದ್ದುದು ತಕ್ಷಣ 40ರ ಸುತ್ತಮುತ್ತ ಕುಸಿದರೆ, ಅಥವಾ ಒಮ್ಮೆಲೇ ಸೊನ್ನೆಯಾಗಿ ಸ್ವಲ್ಪ ಹೊತ್ತಿನ ಬಳಿಕ ಮರಳಿ ಬಂದರೆ, ದುರ್ಬಲವಾದ ಸೆಲ್‌ನಿಂದಾಗಿ ಬ್ಯಾಟರಿಯ ರಕ್ಷಣಾ ಸರ್ಕ್ಯೂಟ್ ಕಡಿತ ಮಾಡುತ್ತಿದೆ ಎಂದರ್ಥ. ಆ ರಕ್ಷಣಾ ಸರ್ಕ್ಯೂಟನ್ನು ಬೈಪಾಸ್ ಮಾಡಿ ಓಡಿಸಿದರೆ ಬೆಂಕಿಯ ಅಪಾಯವಿದೆ. ಯಾರು ಸಲಹೆ ಕೊಟ್ಟರೂ ಅದನ್ನು ಮಾಡಬಾರದು.

ಹಂತ 3: ಕಂಟ್ರೋಲರಿನವರೆಗೆ ವಿದ್ಯುತ್ ಬರುತ್ತಿದೆಯೇ?

ಬ್ಯಾಟರಿಯಿಂದ ಫ್ಯೂಸ್ ಅಥವಾ ಎಂಸಿಬಿ, ಅಲ್ಲಿಂದ ಕಂಟ್ರೋಲರಿನ ದಪ್ಪ ವೈರು ಎಂಬ ಕ್ರಮದಲ್ಲಿ ಪ್ರತಿಯೊಂದು ಜೋಡಣೆಯ ಎರಡೂ ಬದಿಗೆ ವೋಲ್ಟೇಜ್ ನೋಡಬೇಕು. ಫ್ಯೂಸ್ ಹಾರಿದ್ದರೆ ಹೊಸದನ್ನು ಹಾಕಿ ಮುಂದುವರಿಯಬೇಡಿ. ಹಂತ 6 ಮತ್ತು 8ನ್ನು ಮುಗಿಸಿದ ಮೇಲಷ್ಟೇ ಹೊಸ ಫ್ಯೂಸ್ ಹಾಕಬೇಕು, ಅದೂ ಅಷ್ಟೇ ಆಂಪಿಯರಿನದು.

ದಪ್ಪ ಕೆಂಪು ವೈರಿನ ಜೊತೆಗೆ ಕಂಟ್ರೋಲರಿನಲ್ಲಿ ಒಂದು ತೆಳು ವೈರು ಇರುತ್ತದೆ. ಅದು ಕೀ ಸ್ವಿಚ್ ಅಥವಾ ಡಿಸ್‌ಪ್ಲೇಯ ಮೂಲಕ ಬ್ಯಾಟರಿಯ ಪೂರ್ಣ ವೋಲ್ಟೇಜನ್ನು ತಂದು ಕಂಟ್ರೋಲರನ್ನು ಎಚ್ಚರಿಸುವ ವೈರು. ಕೀ ಹಾಕಿದಾಗ ಅಲ್ಲಿಗೆ ವೋಲ್ಟೇಜ್ ತಲುಪದಿದ್ದರೆ ಆರೋಗ್ಯವಾಗಿರುವ ಕಂಟ್ರೋಲರೂ ಸತ್ತಂತೆಯೇ ಇರುತ್ತದೆ. ಮಳೆಯಲ್ಲಿ ನೆನೆದ ಕೀ ಸ್ವಿಚ್ಚಿನ ಒಳಗೆ ಹಸಿರು ಕಿಲುಬು ಕಟ್ಟಿರುವುದು, ವೈರಿನ ತುದಿ ಕನೆಕ್ಟರಿನಿಂದ ಹಿಂದಕ್ಕೆ ಸರಿದಿರುವುದು ಇಲ್ಲಿನ ಮಾಮೂಲಿ ಕಾರಣಗಳು. ಬದಲಿಸಿ ಎಸೆದ ಕಂಟ್ರೋಲರ್‌ಗಳಲ್ಲಿ ಈ ಒಂದು ವೈರಿನಿಂದಾಗಿ ಎಸೆಯಲ್ಪಟ್ಟವು ಸಾಕಷ್ಟಿವೆ ಎಂಬುದು ನನ್ನ ಅಂದಾಜು.

ಹಂತ 4: 5 ವೋಲ್ಟಿನ ಸಾಲು

ಈ ಹಂತವನ್ನು ಬಹುತೇಕರು ಬಿಟ್ಟುಬಿಡುತ್ತಾರೆ. ಕಂಟ್ರೋಲರ್ ತನ್ನೊಳಗೆ ಸುಮಾರು 5 ವೋಲ್ಟನ್ನು ತಯಾರಿಸಿ, ಅದನ್ನೇ ಎಕ್ಸಲೇಟರ್, ಪೆಡಲ್ ಸೆನ್ಸರ್ ಮತ್ತು ಮೋಟಾರಿನೊಳಗಿನ ಹಾಲ್ ಸೆನ್ಸರುಗಳಿಗೆ ಹಂಚುತ್ತದೆ. ಇವುಗಳಲ್ಲಿ ಯಾವುದೇ ಒಂದರಲ್ಲಿ ಶಾರ್ಟ್ ಆದರೂ ಇಡೀ ಸಾಲು ಕುಸಿದು, ಎಲ್ಲವೂ ಒಟ್ಟಿಗೆ ಕೆಟ್ಟಂತೆ ತೋರುತ್ತದೆ.

ಚಕ್ರವನ್ನು ನೆಲದಿಂದ ಎತ್ತಿ, ಕೀ ಹಾಕಿ, ಎಕ್ಸಲೇಟರಿನ ಕನೆಕ್ಟರನ್ನು ಕಳಚದೆಯೇ ಅದರ ಹಿಂಬದಿಯಿಂದ ಕೆಂಪು ಮತ್ತು ಕಪ್ಪು ವೈರುಗಳ ನಡುವೆ ಅಳೆಯಬೇಕು. 4.5ರಿಂದ 5.2 ವೋಲ್ಟ್ ಸಿಕ್ಕರೆ ಮುಂದಿನ ಹಂತಕ್ಕೆ ಹೋಗಬಹುದು. ಒಂದೆರಡು ವೋಲ್ಟ್ ಅಥವಾ ಸೊನ್ನೆ ಬಂದರೆ ಕೀ ಆರಿಸಿ, ಮೊದಲು ಮೋಟಾರಿನ ಹಾಲ್ ಕನೆಕ್ಟರನ್ನು ಕಳಚಿ ಮತ್ತೆ ಅಳೆಯಿರಿ. ಆಗಲೂ ಬಾರದಿದ್ದರೆ ಪೆಡಲ್ ಸೆನ್ಸರನ್ನು, ಕೊನೆಗೆ ಎಕ್ಸಲೇಟರನ್ನು ಕಳಚಿ ಕಂಟ್ರೋಲರಿನ ಕಡೆಯ ತುದಿಯಲ್ಲಿ ಅಳೆಯಿರಿ. ಯಾವುದನ್ನು ಕಳಚಿದಾಗ 5 ವೋಲ್ಟ್ ಮರಳಿ ಬರುತ್ತದೆಯೋ ದೋಷ ಅದರಲ್ಲಿದೆ. ಮೂರನ್ನೂ ಕಳಚಿದ ಮೇಲೂ ಬಾರದಿದ್ದರೆ, ಮತ್ತು ಹಂತ 3ರಲ್ಲಿ ತೆಳು ವೈರಿಗೆ ವೋಲ್ಟೇಜ್ ಸಿಕ್ಕಿದ್ದರೆ, ಆಗ ಮಾತ್ರ ಕಂಟ್ರೋಲರಿನ ಒಳಗಿನ ವಿದ್ಯುತ್ ಪೂರೈಕೆ ಕೆಟ್ಟಿದೆ ಎನ್ನಬಹುದು. ಅಂಥ ಸಂದರ್ಭದಲ್ಲಿಯೂ ಹಂತ 6ನ್ನು ಮಾಡದೆ ಹೊಸದನ್ನು ಜೋಡಿಸಬಾರದು, ಏಕೆಂದರೆ ಮೋಟಾರ್ ಕೇಬಲ್ ಕರಗಿ ದಪ್ಪ ಫೇಸ್ ವೈರು ತೆಳು ಹಾಲ್ ವೈರಿಗೆ ತಾಗಿದಾಗ ಈ ಪೂರೈಕೆ ಸುಡುತ್ತದೆ, ಹೊಸದಕ್ಕೂ ಅದೇ ಗತಿಯಾಗುತ್ತದೆ.

ಹಂತ 5: ಬ್ರೇಕ್ ಸ್ವಿಚ್ ಮತ್ತು ಎಕ್ಸಲೇಟರ್

ಬ್ರೇಕ್ ಲಿವರಿನಲ್ಲಿರುವ ಸ್ವಿಚ್ ಸಿಕ್ಕಿಹಾಕಿಕೊಂಡಿದ್ದರೆ ಕಂಟ್ರೋಲರ್ ಮೋಟಾರಿಗೆ ಕರೆಂಟ್ ಬಿಡುವುದೇ ಇಲ್ಲ. ಎರಡೂ ಲಿವರುಗಳ ಕನೆಕ್ಟರ್ ಕಳಚಿ ಪ್ರಯತ್ನಿಸಿ. ಚಕ್ರ ತಿರುಗಿದರೆ ಸ್ವಿಚ್ ಬದಲಿಸಿದರೆ ಸಾಕು. ಬದಲಿಸದೆ ಹಾಗೆಯೇ ಓಡಿಸುವುದು ಬೇಡ.

ಎಕ್ಸಲೇಟರಿನ ಮೂರನೆಯ ವೈರಿನಲ್ಲಿ, ಕಪ್ಪು ವೈರಿಗೆ ಹೋಲಿಸಿದಂತೆ, ಬಿಟ್ಟಾಗ ಸುಮಾರು 0.8ರಿಂದ 1 ವೋಲ್ಟ್ ಇದ್ದು, ನಿಧಾನವಾಗಿ ತಿರುಗಿಸುತ್ತ ಹೋದಂತೆ ಎಲ್ಲೂ ಜಿಗಿಯದೆ 3.5ರಿಂದ 4.2 ವೋಲ್ಟಿನವರೆಗೆ ಏರಬೇಕು. ಬಿಟ್ಟಾಗಲೇ ಹೆಚ್ಚು ವೋಲ್ಟೇಜ್ ಇದ್ದರೆ, ಬೈಕು ತಾನಾಗಿ ಓಡದಿರಲೆಂದು ಅನೇಕ ಕಂಟ್ರೋಲರುಗಳು ಶುರುವಾಗುವುದನ್ನೇ ನಿರಾಕರಿಸುತ್ತವೆ. ಎಕ್ಸಲೇಟರಿನ ಕಪ್ಪು ವೈರು ತುಂಡಾದಾಗಲೂ ಸಂಕೇತ ಮೇಲಕ್ಕೆ ಹಾರುತ್ತದೆ, ಮತ್ತು ಆ ರಕ್ಷಣೆ ಇಲ್ಲದ ಅಗ್ಗದ ಕಂಟ್ರೋಲರಿನಲ್ಲಿ ಚಕ್ರ ಪೂರ್ಣ ವೇಗದಲ್ಲಿ ತಿರುಗಲಾರಂಭಿಸುತ್ತದೆ. ಚಕ್ರವನ್ನು ಎತ್ತಿ ನಿಲ್ಲಿಸದೆ ಯಾವ ಪರೀಕ್ಷೆಯನ್ನೂ ಮಾಡಬಾರದೆಂದು ಹೇಳುವುದು ಇದಕ್ಕಾಗಿಯೇ.

ಹಂತ 6: ಮೋಟಾರನ್ನು ಪ್ರತ್ಯೇಕಿಸಿ ತಿರುಗಿಸುವುದು

ಬ್ಯಾಟರಿಯನ್ನು ಕಳಚಿ, ಕಂಟ್ರೋಲರಿನಿಂದ ಮೋಟಾರಿಗೆ ಹೋಗುವ ಮೂರು ದಪ್ಪ ಫೇಸ್ ವೈರುಗಳನ್ನು ಬಿಡಿಸಿ, ಅವುಗಳ ತುದಿಗಳು ಒಂದಕ್ಕೊಂದು ತಾಗದಂತೆ ಟೇಪ್ ಸುತ್ತಬೇಕು. ಈ ಕನೆಕ್ಟರುಗಳನ್ನು ಗಮನವಿಟ್ಟು ನೋಡಿ: ಪ್ಲಾಸ್ಟಿಕ್ ಕಂದಾಗಿ ಕುಗ್ಗಿದ್ದರೆ, ಹಿತ್ತಾಳೆಯ ತುದಿ ನೇರಳೆ ಬಣ್ಣಕ್ಕೆ ತಿರುಗಿದ್ದರೆ, ಅಲ್ಲಿ ಸಡಿಲವಾದ ಹಿಡಿತದಿಂದ ಬಹಳ ದಿನಗಳಿಂದ ಶಾಖ ಹುಟ್ಟುತ್ತಿತ್ತು ಎಂದು ತಿಳಿಯಬೇಕು. ಅಂಥದನ್ನು ಉಜ್ಜಿ ಮತ್ತೆ ಹಾಕಿದರೆ ಆಗದು. ಕತ್ತರಿಸಿ ಹೊಸದನ್ನು ಹಾಕಬೇಕು.

ಈಗ ಚಕ್ರವನ್ನು ಕೈಯಿಂದ ತಿರುಗಿಸಿ. ಗೇರ್ ಇರುವ ಸಣ್ಣ ಹಬ್ ಮೋಟಾರಿನಲ್ಲಿ ಚಕ್ರ ಮುಂದಕ್ಕೆ ತಿರುಗುವಾಗ ಒಳಗಿನ ಕ್ಲಚ್ ಬಿಡುವುದರಿಂದ ಮೋಟಾರ್ ತಿರುಗುವುದಿಲ್ಲ. ಆದ್ದರಿಂದ ಚಕ್ರವನ್ನು ಹಿಂದಕ್ಕೆ ತಿರುಗಿಸಬೇಕು. ಇದು ತಿಳಿಯದೆ ಮುಂದಕ್ಕೆ ತಿರುಗಿಸಿ, ಮೋಟಾರಿನಿಂದ ಏನೂ ಬರುತ್ತಿಲ್ಲವೆಂದು ಅದನ್ನು ಕೆಟ್ಟಿದ್ದೆಂದುಕೊಳ್ಳುವವರು ಬಹಳ ಜನ. ವೈರು ಕಳಚಿದ ಕೂಡಲೇ ಮೊದಲಿದ್ದ ತಡೆ ಮಾಯವಾದರೆ ಶಾರ್ಟ್ ಕಂಟ್ರೋಲರಿನಲ್ಲಿದೆ. ಕಳಚಿದ ಮೇಲೂ ಚಕ್ರ ತಡೆತಡೆದು ತಿರುಗಿದರೆ ಶಾರ್ಟ್ ಮೋಟಾರಿನ ಸುರುಳಿಯಲ್ಲಿ ಅಥವಾ ಅದರ ಕೇಬಲ್ಲಿನಲ್ಲಿದೆ.

ಮುಂದೆ, ಎರಡೆರಡು ಫೇಸ್ ವೈರುಗಳನ್ನು ಸರದಿಯಂತೆ ತಾಗಿಸಿ ಚಕ್ರ ತಿರುಗಿಸಿ. ಮೂರೂ ಜೋಡಿಗಳಲ್ಲಿ ಒಂದೇ ಬಗೆಯ ತಡೆ ಕೈಗೆ ಸಿಗಬೇಕು. ಒಂದು ಜೋಡಿಯಲ್ಲಿ ಸಿಕ್ಕು ಉಳಿದ ಎರಡರಲ್ಲಿ ಸಿಗದಿದ್ದರೆ, ಆ ಎರಡರಲ್ಲೂ ಇರುವ ವೈರು ಒಳಗೆ ತುಂಡಾಗಿದೆ. ಇದನ್ನೇ ಮೀಟರಿನಲ್ಲಿ ಖಚಿತಪಡಿಸಲು ಎಸಿ ವೋಲ್ಟ್ ಸ್ಥಾನದಲ್ಲಿಟ್ಟು, ಒಂದೇ ವೇಗದಲ್ಲಿ ತಿರುಗಿಸುತ್ತ ಮೂರೂ ಜೋಡಿಗಳನ್ನು ಅಳೆದರೆ ಹೆಚ್ಚುಕಡಿಮೆ ಸಮನಾದ ಅಂಕಿಗಳು ಬರಬೇಕು. ಸುರುಳಿಯ ಓಮ್ ಅಳೆದು ತೀರ್ಮಾನಕ್ಕೆ ಬರಲಾಗದು. ಅದು ಒಂದು ಓಮ್‌ಗಿಂತ ಬಹಳ ಕಡಿಮೆಯಿದ್ದು, ಮೀಟರಿನ ಪ್ರೋಬ್ ವೈರುಗಳ ಪ್ರತಿರೋಧವೇ ಅದಕ್ಕಿಂತ ಹೆಚ್ಚಿರಬಹುದು.

ಕೊನೆಯದಾಗಿ, ಕಂಟಿನ್ಯೂಟಿ ಸ್ಥಾನದಲ್ಲಿ ಪ್ರತಿಯೊಂದು ಫೇಸ್ ವೈರಿಗೂ ಚಕ್ರದ ಆಕ್ಸಲ್‌ಗೂ, ಪ್ರತಿಯೊಂದು ಫೇಸ್ ವೈರಿಗೂ ಐದು ಹಾಲ್ ವೈರುಗಳಿಗೂ ಸಂಪರ್ಕವಿದೆಯೇ ನೋಡಿ. ಎಲ್ಲಿಯೂ ಬೀಪ್ ಬರಬಾರದು. ಬಂದರೆ, ಕೇಬಲ್ ಆಕ್ಸಲ್‌ನಿಂದ ಹೊರಬರುವ ಜಾಗವನ್ನು ಮೊದಲು ಪರೀಕ್ಷಿಸಬೇಕು. ಚಕ್ರದ ನಟ್ ಸಡಿಲವಾಗಿ ಆಕ್ಸಲ್ ತಾನು ಕೂತ ಸೀಳಿನಲ್ಲೇ ಅರ್ಧ ಸುತ್ತು ತಿರುಗಿದರೆ, ಅಲ್ಲಿನ ಎಂಟು ವೈರುಗಳು ಲೋಹದ ಅಂಚಿಗೆ ಸಿಕ್ಕಿ ಹಿಂಡಿದ ಬಟ್ಟೆಯಂತಾಗುತ್ತವೆ. ಟಾರ್ಕ್ ಆರ್ಮ್ (ಆಕ್ಸಲ್ ತಿರುಗದಂತೆ ಹಿಡಿಯುವ ಲೋಹದ ಪಟ್ಟಿ) ಅಥವಾ ಹಲ್ಲಿನ ವಾಷರ್ ಇಲ್ಲದ ಕಿಟ್ ಸೈಕಲ್ಲುಗಳಲ್ಲಿ, ಅದರಲ್ಲೂ ಮೋಟಾರನ್ನು ಅಲ್ಯೂಮಿನಿಯಂ ಮುಂಫೋರ್ಕಿಗೆ ಹಾಕಿದವುಗಳಲ್ಲಿ, ಇದು ಪದೇ ಪದೇ ಕಾಣುವ ದೋಷ.

ಹಂತ 7: ಹಾಲ್ ಸೆನ್ಸರುಗಳು

ಫೇಸ್ ವೈರುಗಳನ್ನು ಕಳಚಿದ ಸ್ಥಿತಿಯಲ್ಲೇ ಇಟ್ಟು, ಎಕ್ಸಲೇಟರನ್ನೂ ಕಳಚಿ, ಹಾಲ್ ಕನೆಕ್ಟರನ್ನು ಮಾತ್ರ ಜೋಡಿಸಿ ಕೀ ಹಾಕಬೇಕು. ಅದರ ಕೆಂಪು ಮತ್ತು ಕಪ್ಪು ವೈರುಗಳ ನಡುವೆ 5 ವೋಲ್ಟಿಗೆ ಹತ್ತಿರದ ಅಳತೆ ಇರಬೇಕು. ನಂತರ ಮೀಟರಿನ ಕಪ್ಪು ಪ್ರೋಬನ್ನು ಕಪ್ಪು ವೈರಿನಲ್ಲಿಯೇ ಇರಿಸಿ, ಹಳದಿ, ಹಸಿರು, ನೀಲಿ ವೈರುಗಳನ್ನು ಒಂದೊಂದಾಗಿ ಮುಟ್ಟುತ್ತ ಚಕ್ರವನ್ನು ಬೆರಳಗಲದಷ್ಟೇ ನಿಧಾನವಾಗಿ ಸರಿಸಬೇಕು. ಮೂರೂ ವೈರುಗಳಲ್ಲಿ ವೋಲ್ಟೇಜ್ ಸೊನ್ನೆಯ ಸಮೀಪಕ್ಕೂ 5ರ ಸಮೀಪಕ್ಕೂ ಸ್ಪಷ್ಟವಾಗಿ ಬದಲಾಗುತ್ತಿರಬೇಕು. ಗೇರ್ ಮೋಟಾರಾದರೆ ಇಲ್ಲಿಯೂ ಹಿಂದಕ್ಕೇ ತಿರುಗಿಸಬೇಕು.

ಒಂದು ವೈರು ಸದಾ ಮೇಲೆ ಅಥವಾ ಸದಾ ಕೆಳಗೆ ನಿಂತಿದ್ದರೆ ಆ ಸೆನ್ಸರ್ ಕೆಟ್ಟಿದೆ, ಇಲ್ಲವೇ ಅದರ ವೈರು ತುಂಡಾಗಿದೆ. ಮೂರೂ ಸರಿಯಾಗಿ ಬದಲಾಗುತ್ತಿದ್ದರೂ ಯಾವುದೋ ಒಂದು ಸ್ಥಾನದಲ್ಲಿ ಮೂರೂ ಒಟ್ಟಿಗೆ ಮೇಲೆ ಅಥವಾ ಒಟ್ಟಿಗೆ ಕೆಳಗೆ ಕಂಡರೆ, ಸೆನ್ಸರುಗಳ ಸಂಕೇತಗಳು 120 ಡಿಗ್ರಿ ಅಂತರದಲ್ಲಿರುವ ಸಾಮಾನ್ಯ ಮೋಟಾರಿನಲ್ಲಿ ಅದೂ ದೋಷವೇ. ಸೆನ್ಸರುಗಳು ತಾವಾಗಿ ವೋಲ್ಟೇಜ್ ಹೊರಡಿಸುವುದಿಲ್ಲ. ಸಂಕೇತದ ವೈರನ್ನು ಮೇಲಕ್ಕೆತ್ತುವ ಪ್ರತಿರೋಧಕ ಕಂಟ್ರೋಲರಿನಲ್ಲಿರುತ್ತದೆ. ಹೀಗಾಗಿ ಕಂಟ್ರೋಲರಿಲ್ಲದೆ ಹೊರಗಿನಿಂದ 5 ವೋಲ್ಟ್ ಕೊಟ್ಟು ಪರೀಕ್ಷಿಸುವವರು ಪ್ರತಿ ಸಂಕೇತದ ವೈರಿಗೂ ಕೆಂಪು ವೈರಿಗೂ ನಡುವೆ ಸುಮಾರು 4.7 ಕಿಲೋಓಮ್ ಪ್ರತಿರೋಧಕವನ್ನು ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಒಳ್ಳೆಯ ಸೆನ್ಸರೂ ಕೆಟ್ಟಂತೆ ಕಾಣುತ್ತದೆ.

ಸೆನ್ಸರ್ ಇಲ್ಲದೆಯೂ ಓಡಬಲ್ಲ ಕಂಟ್ರೋಲರುಗಳು ಈ ದೋಷವನ್ನು ಮರೆಮಾಚುತ್ತವೆ: ಹೊರಡುವಾಗ ಎರಡು ಬಾರಿ ಕುಕ್ಕಿ, ವೇಗ ಸಿಕ್ಕಿದ ಮೇಲೆ ಏನೂ ಆಗದಂತೆ ಓಡುತ್ತವೆ. ಹಾಗೆಯೇ ಘಟ್ಟದ ಏರಿನಲ್ಲಿ ಮೋಟಾರ್ ಬಿಸಿಯಾದಾಗ ಮಾತ್ರ ನಡುಗಿ, ತಣಿದ ಮೇಲೆ ಸರಿಯಾಗುವ ಬೈಕಿನಲ್ಲಿ ಸೆನ್ಸರ್ ಕೊನೆಗಾಲದಲ್ಲಿದೆ. ಸೆನ್ಸರ್ ಬದಲಿಸಲು ಹಬ್ ಬಿಚ್ಚಿ, ಬಲವಾದ ಆಯಸ್ಕಾಂತಗಳ ನಡುವಿನಿಂದ ಸುರುಳಿಯ ಭಾಗವನ್ನು ಎಳೆದು, ಅತಿ ಕಿರಿದಾದ ಜಾಗದಲ್ಲಿ ಬೆಸುಗೆ ಹಾಕಬೇಕಾಗುತ್ತದೆ. ಕೈ ಪಳಗಿಲ್ಲದವರು ಇದನ್ನು ಮೋಟಾರ್ ರಿವೈಂಡಿಂಗ್ ಬಲ್ಲವರಿಗೆ ಒಪ್ಪಿಸುವುದೇ ಮೇಲು. ಬದಲಿಸುವಾಗ ಮೂರನ್ನೂ ಒಟ್ಟಿಗೆ ಬದಲಿಸಲು ಹೇಳಬೇಕು.

ಹಂತ 8: ಕಂಟ್ರೋಲರಿನ ಪರೀಕ್ಷೆ

ಬ್ಯಾಟರಿ ಮತ್ತು ಮೋಟಾರ್ ಎರಡನ್ನೂ ಬಿಡಿಸಿ, ಕೆಪಾಸಿಟರನ್ನು ಖಾಲಿ ಮಾಡಿ, ಮೀಟರನ್ನು ಡಯೋಡ್ ಸ್ಥಾನದಲ್ಲಿಡಿ. ಕೆಂಪು ಪ್ರೋಬನ್ನು ಕಂಟ್ರೋಲರಿನ ದಪ್ಪ ಕಪ್ಪು ವೈರಿಗೆ ಹಿಡಿದು, ಕಪ್ಪು ಪ್ರೋಬಿನಿಂದ ಮೂರು ಫೇಸ್ ವೈರುಗಳನ್ನು ಸರದಿಯಂತೆ ಮುಟ್ಟಿ. ಮೂರರಲ್ಲೂ ಸುಮಾರು 0.4ರಿಂದ 0.6ರ ನಡುವೆ ಒಂದೇ ಅಂಕಿ ಬರಬೇಕು. ಆಮೇಲೆ ಕಪ್ಪು ಪ್ರೋಬನ್ನು ದಪ್ಪ ಕೆಂಪು ವೈರಿಗೆ ಹಿಡಿದು, ಕೆಂಪು ಪ್ರೋಬಿನಿಂದ ಮೂರು ಫೇಸ್‌ಗಳನ್ನು ಮುಟ್ಟಿದರೆ ಮತ್ತೆ ಅದೇ ಬಗೆಯ ಅಂಕಿ ಬರಬೇಕು. ಎಲ್ಲಿಯಾದರೂ ಸೊನ್ನೆಗೆ ಹತ್ತಿರದ ಅಂಕಿ ಬಂದು ಬೀಪ್ ಕೇಳಿಸಿದರೆ ಆ ಬದಿಯ ಮಾಸ್‌ಫೆಟ್ (ಫೇಸ್ ವೈರಿಗೆ ಕರೆಂಟ್ ಬಿಡುವ ಎಲೆಕ್ಟ್ರಾನಿಕ್ ಸ್ವಿಚ್) ಶಾರ್ಟ್ ಆಗಿದೆ. ಅಂಕಿ ನಿಧಾನವಾಗಿ ಏರುತ್ತಿದ್ದರೆ ಕೆಪಾಸಿಟರ್ ಚಾರ್ಜ್ ಆಗುತ್ತಿದೆಯಷ್ಟೆ, ನಿಲ್ಲುವವರೆಗೆ ಕಾಯಬೇಕು.

ಮಾಸ್‌ಫೆಟ್‌ಗಳು ಸರಿಯಿವೆ, 5 ವೋಲ್ಟ್ ಇದೆ, ಎಕ್ಸಲೇಟರ್, ಬ್ರೇಕ್ ಮತ್ತು ಹಾಲ್ ಸಂಕೇತಗಳೂ ಸರಿಯಿವೆ, ಆದರೂ ಫೇಸ್‌ಗಳಿಗೆ ಏನೂ ಹೊರಡುತ್ತಿಲ್ಲ ಎಂದಾದರೆ ಮಾಸ್‌ಫೆಟ್‌ಗಳನ್ನು ನಡೆಸುವ ಒಳಗಿನ ಡ್ರೈವರ್ ಭಾಗ ಹೋಗಿರುವ ಸಂಭವ ಹೆಚ್ಚು. ಒಂದೇ ಮಾಸ್‌ಫೆಟ್ ಬದಲಿಸಿ ಬದುಕಿಸುವ ಪ್ರಯತ್ನ ಸಣ್ಣ ಕಂಟ್ರೋಲರುಗಳಲ್ಲಿ ಅಪರೂಪಕ್ಕೆ ಫಲಿಸುತ್ತದೆ, ಏಕೆಂದರೆ ಅದು ಸುಡುವಾಗ ಜೊತೆಗಿನ ಡ್ರೈವರನ್ನೂ ಕೊಂಡೊಯ್ದಿರುತ್ತದೆ.

ಹಂತ 9: ಹೊಸ ಕಂಟ್ರೋಲರಿನ ಜೋಡಣೆ

ವೋಲ್ಟೇಜ್, ಗರಿಷ್ಠ ಆಂಪಿಯರ್ ಮತ್ತು ಕನಿಷ್ಠ ವೋಲ್ಟೇಜ್ ಕಡಿತ, ಈ ಮೂರೂ ಹಳೆಯದಕ್ಕೆ ಹೊಂದಬೇಕು. 48 ವೋಲ್ಟಿನ ಕಂಟ್ರೋಲರ್ ಸಾಮಾನ್ಯವಾಗಿ 40 ವೋಲ್ಟಿನ ಆಸುಪಾಸಿನಲ್ಲಿ ಕಡಿತ ಮಾಡುವುದರಿಂದ 36 ವೋಲ್ಟಿನ ಬ್ಯಾಟರಿಯೊಂದಿಗೆ ನೆಟ್ಟಗೆ ಓಡದು. 60 ವೋಲ್ಟಿನ ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ 63 ವೋಲ್ಟನ್ನು ಮೀರುವುದರಿಂದ, 63 ವೋಲ್ಟಿನ ಕೆಪಾಸಿಟರ್ ಇರುವ ಪೆಟ್ಟಿಗೆಗೆ ಅದನ್ನು ಕೊಟ್ಟರೆ ಕೆಪಾಸಿಟರ್ ಸಿಡಿಯಬಹುದು. ಹೆಚ್ಚು ಆಂಪಿಯರಿನದನ್ನು ಹಾಕುವ ಆಸೆ ಹಲವರಿಗಿದೆ. ಆದರೆ ಬ್ಯಾಟರಿಯ ರಕ್ಷಣಾ ಸರ್ಕ್ಯೂಟ್ ಅಷ್ಟನ್ನು ತಡೆದುಕೊಳ್ಳಬೇಕು. ಮೇಲಾಗಿ ನಮ್ಮಲ್ಲಿ ನೋಂದಣಿಯಿಲ್ಲದೆ ಓಡಿಸಬಹುದಾದ ಬೈಕುಗಳಿಗೆ 250 ವಾಟ್ ಮತ್ತು ಗಂಟೆಗೆ 25 ಕಿ.ಮೀ.ಗಿಂತ ಒಳಗಿರಬೇಕೆಂಬ ಮಿತಿಯಿದೆ.

ಬಣ್ಣಕ್ಕೆ ಬಣ್ಣ ಜೋಡಿಸಿದರೂ ಚಕ್ರ ನಡುಗಿದರೆ ಗಾಬರಿಯಾಗಬೇಕಿಲ್ಲ. ಸ್ವಯಂ ಕಲಿಕೆಯ ಜೋಡಿ ವೈರು ಇರುವ ಕಂಟ್ರೋಲರಾದರೆ, ಚಕ್ರವನ್ನು ಎತ್ತಿಟ್ಟು ಆ ಜೋಡಿಯನ್ನು ಸೇರಿಸಿ ಕೀ ಹಾಕಿ. ಅದು ಸರಿಯಾದ ಕ್ರಮವನ್ನು ತಾನೇ ಕಂಡುಕೊಂಡು ಚಕ್ರವನ್ನು ತಿರುಗಿಸುತ್ತದೆ. ಹಿಮ್ಮುಖವಾಗಿ ತಿರುಗಿದರೆ ಜೋಡಿಯನ್ನು ಬಿಡಿಸಿ ಮತ್ತೊಮ್ಮೆ ಸೇರಿಸಿ, ಮುಮ್ಮುಖವಾದ ಮೇಲೆ ಬಿಡಿಸಿ ಟೇಪ್ ಸುತ್ತಿಡಿ. ಆ ಸೌಲಭ್ಯ ಇಲ್ಲದಿದ್ದರೆ ಹಾಲ್ ವೈರುಗಳನ್ನು ಹಾಗೆಯೇ ಬಿಟ್ಟು, ಮೂರು ಫೇಸ್ ವೈರುಗಳ ಆರು ಜೋಡಣೆಗಳನ್ನು ಒಂದೊಂದಾಗಿ, ಎಕ್ಸಲೇಟರನ್ನು ಅತಿ ಸ್ವಲ್ಪವೇ ತಿರುಗಿಸಿ ಪ್ರಯತ್ನಿಸಬೇಕು. ಪ್ರತಿ ಬದಲಾವಣೆಗೂ ಕೀ ಆರಿಸಲೇಬೇಕು. ಸದ್ದಿಲ್ಲದೆ ಹಿಂದಕ್ಕೆ ತಿರುಗುವ ಜೋಡಣೆ ಸಿಕ್ಕರೆ, ಹಾಲ್ ವೈರುಗಳಲ್ಲಿ ಎರಡನ್ನು ಅದಲುಬದಲು ಮಾಡಿ ಆರನ್ನೂ ಮತ್ತೆ ನೋಡಬೇಕು.

ಚಕ್ರ ಮುಂದಕ್ಕೆ ತಿರುಗಿತೆಂದು ಅಲ್ಲಿಗೇ ಬಿಡುವುದು ಈ ಹಂತದ ದೊಡ್ಡ ತಪ್ಪು. ತಪ್ಪು ಜೋಡಣೆಯಲ್ಲಿಯೂ ಚಕ್ರ ತಿರುಗಬಹುದು, ಆದರೆ ಕರ್ಕಶವಾದ ಸದ್ದಿನೊಂದಿಗೆ ವಿಪರೀತ ಕರೆಂಟ್ ಎಳೆಯುತ್ತದೆ. ಕ್ಲ್ಯಾಂಪ್ ಮೀಟರನ್ನು ಬ್ಯಾಟರಿ ವೈರಿಗೆ ಹಾಕಿ ನೋಡಿದರೆ, ಎತ್ತಿಟ್ಟ ಚಕ್ರ ಒಂದೇ ವೇಗದಲ್ಲಿ ತಿರುಗುವಾಗ 250 ವಾಟಿನ ಮೋಟಾರ್ ಸಾಮಾನ್ಯವಾಗಿ 2 ಆಂಪಿಯರಿಗಿಂತ ಕಡಿಮೆಯೇ ಎಳೆಯಬೇಕು. ನಾಲ್ಕೈದು ಆಂಪಿಯರ್ ಕಂಡರೆ ಜೋಡಣೆ ಇನ್ನೂ ಸರಿಯಾಗಿಲ್ಲ.

ಎಲ್ಲವೂ ಸರಿಯಾದ ಮೇಲೆ ಆಕ್ಸಲ್ ನಟ್ಟನ್ನು ಬಿಗಿದು, ಟಾರ್ಕ್ ಆರ್ಮ್ ಕೂರಿಸಿ, ಮೋಟಾರಿನ ಕೇಬಲ್ ಆಕ್ಸಲ್‌ಗಿಂತ ಕೆಳಗೆ ಒಂದು ಬಾಗು ಪಡೆದು ಮೇಲಕ್ಕೆ ಹೋಗುವಂತೆ ಕಟ್ಟಬೇಕು. ಆಗ ಮಳೆನೀರು ವೈರಿನ ಗುಂಟ ಹಬ್ಬಿನೊಳಗೆ ಇಳಿಯದೆ ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ನಂತರ ಸಮತಟ್ಟಾದ ರಸ್ತೆಯಲ್ಲಿ ಹತ್ತು ನಿಮಿಷ ಓಡಿಸಿ, ಕೀ ಆರಿಸಿ, ಮೂರೂ ಫೇಸ್ ಕನೆಕ್ಟರುಗಳನ್ನು ಹೊರಗಿನಿಂದ ಮುಟ್ಟಿ ನೋಡಿ. ಮೂರೂ ಒಂದೇ ಸಮ ಬೆಚ್ಚಗಿದ್ದರೆ ತೊಂದರೆಯಿಲ್ಲ. ಒಂದು ಮಾತ್ರ ಕೈಯಿಡಲಾಗದಷ್ಟು ಸುಡುತ್ತಿದ್ದರೆ ಅದರ ಕ್ರಿಂಪ್ (ವೈರಿನ ಮೇಲೆ ಒತ್ತಿ ಕೂರಿಸಿದ ಲೋಹದ ತುದಿ) ಸಡಿಲವಿದೆ, ಅದನ್ನು ಅಂದೇ ಕತ್ತರಿಸಿ ಹೊಸದಾಗಿ ಹಾಕಬೇಕು.